ಒಂಬತ್ತರ ಲೆಕ್ಕದ ಮಿಸ್ತ್ರಿಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹಳೆಯ ಕಾರು ರಿಪೇರಿಯ ಕಸುಬು ಇನ್ನೂ ಉಸಿರಾಡುತ್ತಿದೆ. ಗಾಡಿಗಳ ಜೊತೆ ಮಿಸ್ತ್ರಿಗಳಿಗೂ ವಯಸ್ಸಾಗಿದೆ.

ಕಬ್ಬಿನ ಸೀಜನ್ ಶುರುವಾದರೆ ಮೂಡಲಗಿ ಸುತ್ತಿನ ಗ್ಯಾರೇಜುಗಳಿಗೆ ಕಾರಿನ ನೆನಪೇ ಇರುವುದಿಲ್ಲ. ಟ್ರ್ಯಾಕ್ಟರಿನ ಕ್ಲಚ್ಚು, ಟ್ರೇಲರಿನ ಬೇರಿಂಗು, ಒಡೆದ ಟೈರು ಎಂದು ರಾತ್ರಿಯೂ ಪಾನಾ ಸದ್ದು. ಸಕ್ಕರೆ ಕಾರ್ಖಾನೆಗಳ ಗಾಣ ನಿಂತು ಬಿಸಿಲು ಬಲಿತ ಮೇಲೆ ಹಿಂದಿನ ಗೋಡೆಯ ಪಕ್ಕದ ಅಂಬಾಸಿಡರು, ತಾಡಪತ್ರಿ ಹೊದ್ದ ಜೀಪು ಒಂದೊಂದಾಗಿ ಅಂಗಳಕ್ಕೆ ಬರುತ್ತವೆ. ಅವುಗಳ ಬಾನೆಟ್ ಎತ್ತಲು ಹಿರಿಯ ಮಿಸ್ತ್ರಿಯೇ ಬೇಕು. ಹುಡುಗರಿಗೆ ಸ್ಕ್ಯಾನರ್ ಗೊತ್ತು, ಆದರೆ ಸ್ಕ್ಯಾನರಿನ ತಂತಿ ಸಿಕ್ಕಿಸಲು ಈ ಗಾಡಿಗಳಲ್ಲಿ ಜಾಗವೇ ಇಲ್ಲ.

ಯಂತ್ರದ ನಂಟು ಈ ಸೀಮೆಗೆ ಹೊಸತಲ್ಲ. ಗೋಕಾಕ ಫಾಲ್ಸಿನ ನೀರಿನ ಬಲದ ಮೇಲೆ 1880ರ ದಶಕದಲ್ಲೇ ನೂಲಿನ ಗಿರಣಿ ಎದ್ದಿತು. 1869ರಲ್ಲಿ ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲೆಂದು ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋದವರು. ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುವುದಿಲ್ಲವೆಂದು ಗೊತ್ತಾದಾಗ ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಹಿಡಿದರು. ಬೆಳಗಾವಿಯ ಸೈಕಲ್ ಅಂಗಡಿ, ಕಬ್ಬಿಣದ ನೇಗಿಲು, 1910ರ ಕಿರ್ಲೋಸ್ಕರವಾಡಿ ಎಲ್ಲವೂ ಆ ದಾರಿಯಲ್ಲೇ ಬಂದವು. ದೇಹ ಒಂದು ಕೆಲಸಕ್ಕೆ ಒಲ್ಲೆ ಎಂದರೆ ಇನ್ನೊಂದರ ಕಡೆ ಹೊರಳುವ ಈ ಜಾಣತನ ಇಂದಿನ ವಯಸ್ಸಾದ ಮಿಸ್ತ್ರಿಗಳಲ್ಲೂ ಕಾಣುತ್ತದೆ.

ಮೂರು ಗಾಡಿ, ಒಂದೇ ಗುಣ

ಇಲ್ಲಿ ಹಳೆಯ ಗಾಡಿ ಎಂದರೆ ಮುಖ್ಯವಾಗಿ ಮೂರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ 1957ರಿಂದ ತಯಾರಾಗಿ, 2014ರ ಮೇನಲ್ಲಿ ಬಂಗಾಲದ ಉತ್ತರಪಾಡಾ ಕಾರ್ಖಾನೆಯಲ್ಲಿ ನಿಂತುಹೋದ ಅಂಬಾಸಿಡರ್. ಫಿಯೆಟ್ 1100ರ ಸಂತಾನವಾದ ಪ್ರೀಮಿಯರ್ ಪದ್ಮಿನಿ. ವಿಲ್ಲೀಸ್ ವಂಶದ ಮಹೀಂದ್ರ ಜೀಪು. ಅಂಬಾಸಿಡರಿನಲ್ಲಿ ಓಡಾಡಿದವರು ಪುಢಾರಿಗಳು, ಅಧಿಕಾರಿಗಳು. ಜೀಪಿಗೆ ಆ ಭೇದವಿರಲಿಲ್ಲ, ಅದು ದಿಬ್ಬಣವನ್ನೂ ಒಯ್ದಿತು, ಸಂತೆಯ ಮಂದಿಯನ್ನೂ ಒಯ್ದಿತು. ಮೂರರ ಗುಣ ಒಂದೇ: ಎಂಜಿನ್ನಿನ ಸುತ್ತ ಕೈಯಾಡಲು ಜಾಗವಿದೆ, ಬಿಚ್ಚಿದ್ದನ್ನು ಮತ್ತೆ ಕೂಡಿಸಬಹುದು, ದೋಷವನ್ನು ಕಣ್ಣು, ಕಿವಿ, ಬೆರಳಿನಿಂದ ಹಿಡಿಯಬಹುದು.

ಆದರೆ ಈ ಗಾಡಿಗಳು ಮೈಮುರಿ ಕೆಲಸವನ್ನೂ ಕೇಳುತ್ತವೆ. ಗೇರ್ ಬಾಕ್ಸನ್ನು ಎಂಜಿನ್ನಿನಿಂದ ಬೇರ್ಪಡಿಸದೆ ಕ್ಲಚ್ ಪ್ಲೇಟು ಕೈಗೆ ಸಿಗದು. ಗ್ರೀಸ್ ನಿಪ್ಪಲ್‌ಗಳೆಲ್ಲ ಕೆಳಗಿವೆ. ಜಂಗು ಹಿಡಿದ ಪಾಟಾದ ಬೋಲ್ಟು ಸಡಿಲಿಸಲು ಭುಜವೇ ಬೇಕು. ಮೂವತ್ತು ವರ್ಷ ಕುಕ್ಕರಗಾಲಲ್ಲಿ ಕೂತೆದ್ದವರ ಮೊಣಕಾಲು ಮೊದಲು ಸೋಲುತ್ತದೆ, ಆಮೇಲೆ ಸೊಂಟ. ನಲವತ್ತು ದಾಟಿದಾಗಲೇ ಕಣ್ಣಿಗೆ ಚಾಳೀಸು ಬಂದಿರುತ್ತದೆ. ಕಾರಿನಡಿ ಮಲಗಿದವನಿಗೆ ಆ ಕನ್ನಡಕ ಇದ್ದೂ ಇಲ್ಲದಂತೆ, ಮೇಲಿನಿಂದ ತೊಟ್ಟಿಕ್ಕುವ ಆಯಿಲ್ ನೆಟ್ಟಗೆ ಗಾಜಿನ ಮೇಲೇ ಬೀಳುತ್ತದೆ.

ಹ್ಯಾಂಡಲ್ ಕಲಿಸಿದ ಪಾಠ

“ಮಿಸ್ತ್ರಿ, ಗಾಡಿ ಎಳೀವಲ್ದು ನೋಡ್ರಿ” ಎಂದು ಬಂದವರಿಗೆ ಸಿಗುವ ಮೊದಲ ಉತ್ತರ “ಬಾನೆಟ್ ಎತ್ರಿ”. ಹೆಚ್ಚಿನ ಸಲ ಕೆಲಸ ಟ್ಯಾಪೆಟ್ ಸೆಟ್ಟಿಂಗಿನಿಂದ ಶುರು. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಎಂಟು ವಾಲ್ವ್. ರಾಕರ್ ಮತ್ತು ವಾಲ್ವಿನ ನಡುವೆ ಸುಮಾರು 15 ಥೌ, ಅಂದರೆ 0.38 ಮಿ.ಮೀ. ಸಂದು ಇರಬೇಕು. ಸಂದು ಹೆಚ್ಚಾದರೆ ಟಿಕ್ ಟಿಕ್ ಸದ್ದು, ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ.

ಯಾವ ವಾಲ್ವನ್ನು ಯಾವಾಗ ಸೆಟ್ ಮಾಡುವುದು? ಅದಕ್ಕೊಂದು ಒಂಬತ್ತರ ಲೆಕ್ಕವಿದೆ. ಮುಂದಿನಿಂದ ಹಿಂದಕ್ಕೆ ಒಂದರಿಂದ ಎಂಟರವರೆಗೆ ಎಣಿಸಬೇಕು. ಎಂಟನೆಯದು ಪೂರ್ತಿ ಒತ್ತಿಕೊಂಡಿದ್ದಾಗ ಒಂದನೆಯದನ್ನು ಸೆಟ್ ಮಾಡಬೇಕು, ಆರನೆಯದು ಒತ್ತಿಕೊಂಡಿದ್ದಾಗ ಮೂರನೆಯದನ್ನು. ಎರಡೂ ಅಂಕಿ ಕೂಡಿದರೆ ಯಾವಾಗಲೂ ಒಂಬತ್ತು. ಕಾಗದ ಬೇಡ, ಪುಸ್ತಕ ಬೇಡ.

ಇದಕ್ಕಾಗಿ ಎಂಜಿನ್ನನ್ನು ಹ್ಯಾಂಡಲಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಹರೆಯದಲ್ಲಿ ತೋಳಿನ ಬಲದಿಂದ ತಿರುಗಿಸುತ್ತಿದ್ದವರು ಈಗ ಮೊದಲು ನಾಲ್ಕೂ ಪ್ಲಗ್ ಬಿಚ್ಚಿಡುತ್ತಾರೆ. ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಉಳಿಯದು, ಹ್ಯಾಂಡಲ್ ಒಂದೇ ಕೈಗೆ ಹಗುರಾಗಿ ತಿರುಗುತ್ತದೆ. ಹ್ಯಾಂಡಲಿನಿಂದಲೇ ಸ್ಟಾರ್ಟ್ ಮಾಡಬೇಕಾದರೆ ಹೆಬ್ಬೆರಳು ಉಳಿದ ಬೆರಳುಗಳ ಬದಿಯಲ್ಲೇ ಇರಬೇಕು, ಕೆಳಗೆ ಒತ್ತದೆ ಮೇಲಕ್ಕೆ ಎಳೆಯಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳೋ ಮುಂಗೈಯೋ ಮುರಿದೀತು. ಈ ಒದೆತದ ಕಾಟ ತಪ್ಪಿಸಲೆಂದೇ ಅಮೆರಿಕದ ಕ್ಯಾಡಿಲಾಕ್ ಕಾರಿಗೆ 1912ರಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು.

ಕಿವಿಯದು ಬೇರೆ ಕಥೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಯ ಪಕ್ಕದ ಎಲುಬಿಗೆ: ಇದು ಮಿಸ್ತ್ರಿಯ ಸ್ಟೆತೊಸ್ಕೋಪು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು, ಸಣ್ಣ ಸದ್ದುಗಳನ್ನು. ಬೇರಿಂಗ್ ಹೋದ ದಡ್ ದಡ್ ಕೇಳುತ್ತದೆ, ಟ್ಯಾಪೆಟ್ಟಿನ ಟಿಕ್ ಟಿಕ್ ಮಸುಕಾಗುತ್ತದೆ. ಆಗ ಫೀಲರ್ ಗೇಜ್ ಹಿಡಿದ ಬೆರಳೇ ಗತಿ. ತೆಳು ತಗಡು ಸಂದಿನಲ್ಲಿ ಸುಮ್ಮನೆ ಜಾರಿದರೆ ಸಡಿಲ, ತಡೆದರೆ ಬಿಗಿ, ತುಸು ಹಿಡಿದು ಬಿಟ್ಟರೆ ಸರಿ. ತಗಡಿನ ಮೇಲಿನ ಅಂಕಿ ಕಣ್ಣಿಗೆ ಕಾಣದಿದ್ದರೂ ಆ ಹಿಡಿತವನ್ನು ಬೆರಳು ಮರೆತಿರುವುದಿಲ್ಲ.

ಗ್ಯಾರೇಜು ಬದಲಾಗಬೇಕು

ಬಲ ಕಡಿಮೆಯಾದಾಗ ಕೆಲಸ ಬಿಡಬೇಕಿಲ್ಲ, ಮಾಡುವ ರೀತಿ ಬದಲಿಸಬೇಕು. ನೆಲದಲ್ಲಿ ತೋಡಿದ ಗುಂಡಿಗಿಳಿದರೆ ನಿಂತೇ ಕೆಲಸ ಮಾಡಬಹುದು, ಬೆನ್ನು ಉಳಿಯುತ್ತದೆ. ಆದರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲೇ ಕೂರುತ್ತದೆ. ಆದ್ದರಿಂದ ಪೆಟ್ರೋಲ್ ಪೈಪ್ ಬಿಚ್ಚುವ ಕೆಲಸ ಅದರ ಮೇಲೆ ಸಲ್ಲದು. ಗೇರ್ ಬಾಕ್ಸ್ ಎತ್ತಲು ಚೈನ್ ಪುಲ್ಲಿ, ಬೋಲ್ಟ್ ಬಿಚ್ಚಲು ಪಾನಾಕ್ಕೆ ಉದ್ದನೆಯ ಪೈಪು, ಹಿಂದಿನ ರಾತ್ರಿಯೇ ಜಂಗಿಗೆ ಎಣ್ಣೆ, ಚಕ್ರದ ಕೆಲಸಕ್ಕೆ ಗಿಡ್ಡ ಸ್ಟೂಲು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾವ ವಯಸ್ಸಿನವರೂ ಹೋಗಬಾರದು.

ಬಿಡಬೇಕಾದ ರೂಢಿಗಳೂ ಇವೆ. ಚಿಮಣಿ ಎಣ್ಣೆ, ಪೆಟ್ರೋಲಿನಲ್ಲಿ ಕೈ ತೊಳೆದರೆ ಚರ್ಮ ಒಡೆಯುತ್ತದೆ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಹಾನಿ ಗೊತ್ತಾಗುವುದು ದಶಕಗಳ ನಂತರ. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ.

ಹಳೆಯ ಕಾರಿಗೆ ಈಗ ಸರ್ಕಾರಿ ಮರ್ಯಾದೆಯೂ ಇದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಯನ್ನು 20,000 ರೂಪಾಯಿ ಶುಲ್ಕ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದು, ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟು ಸಿಗುತ್ತದೆ. ಧರ್ಮಸ್ಥಳದ ಕಾರು ಸಂಗ್ರಹ ನೋಡಲು ಜನ ಸಾಲುಗಟ್ಟುತ್ತಾರೆ.

ಮಿಸ್ತ್ರಿಗೆ? ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಪಟ್ಟಿಯಲ್ಲಿ ಮೆಕ್ಯಾನಿಕರ ಹೆಸರುಂಟು. ಆದರೆ 60ರ ನಂತರ ತಿಂಗಳಿಗೆ 3,000 ರೂಪಾಯಿ ಕೊಡುವ ಕೇಂದ್ರದ ಶ್ರಮಯೋಗಿ ಪಿಂಚಣಿ 2019ರಲ್ಲಿ ಬಂದಾಗ ಸೇರಲು ವಯಸ್ಸಿನ ಮಿತಿ 18ರಿಂದ 40 ಇತ್ತು. ಅಂಬಾಸಿಡರ್ ಕಾಲದ ಮಿಸ್ತ್ರಿಗಳು ಅಷ್ಟರಲ್ಲೇ ಆ ಗೆರೆ ದಾಟಿಯಾಗಿತ್ತು.

ಹಾಗಾಗಿ ಇವರ ಮುಪ್ಪಿನ ಗಳಿಕೆ ಗಾಡಿ ತರುವ ನಮ್ಮ ಕೈಯಲ್ಲೇ ಇದೆ. ಹತ್ತು ನಿಮಿಷದಲ್ಲಿ ದೋಷ ಹಿಡಿದವರ ಮುಂದೆ “ಅಷ್ಟಕ್ಕ ಇಷ್ಟ್ಯಾಕ್ರಿ?” ಎಂದು ಚೌಕಾಸಿಗೆ ನಿಲ್ಲುತ್ತೇವೆ, ದಿನವಿಡೀ ಅಡಿಯಲ್ಲಿ ಮಲಗಿ ಒದ್ದಾಡಿದವರಿಗೆ ಮಾತಾಡದೆ ಕೊಡುತ್ತೇವೆ. ಕೂಲಿ ಬೆವರಿಗಷ್ಟೇ ಸಿಗುವವರೆಗೆ ಮಿಸ್ತ್ರಿ ಸೊಂಟ ಮುರಿದುಕೊಂಡಾದರೂ ಕಾರಿನಡಿ ಹೋಗಲೇಬೇಕು. ಸಾಮಾನು, ಲೇಬರ್ ಎಂದು ಬರೆಯುವ ಬಿಲ್ಲಿನಲ್ಲಿ ‘ತಪಾಸಣೆ’ ಎಂಬ ಇನ್ನೊಂದು ಸಾಲು ಬರೆಸಿ, ಅದಕ್ಕೂ ದುಡ್ಡು ಕೊಡಿ. ಬೋಲ್ಟು ತಿರುಗಿಸಲು ಒಬ್ಬ ಹುಡುಗನನ್ನು ಇಟ್ಟುಕೊಳ್ಳಲು ಮಿಸ್ತ್ರಿಗೆ ಅನುಕೂಲವಾಗುತ್ತದೆ, ಆ ಹುಡುಗನಿಗೆ ಒಂಬತ್ತರ ಲೆಕ್ಕವೂ ಬರುತ್ತದೆ.