ಎರಡು ಖಾತೆಯಲ್ಲಿರುವ ಪೀಚ್ ಹಣ್ಣು

ಒಂದೇ ವ್ಯವಹಾರ ಎರಡು ಖಾತೆಗಳಲ್ಲಿ ದಾಖಲಾಗುತ್ತದೆ ಎಂದು ಅಕೌಂಟೆನ್ಸಿಯಲ್ಲಿ ನಮಗೆ ಮೊದಲೇ ಕಲಿಸುತ್ತಾರೆ. ಜಿಹಾ ಮೂನ್ ಎಂಬ ಕಲಾವಿದೆಯ ಚಿತ್ರಗಳನ್ನು ನೋಡಿದಾಗ ನನಗೆ ಆ ಪಾಠವೇ ನೆನಪಾಯಿತು. ಕಾಮರ್ಸ್ ಹುಡುಗಿಗೆ ಚಿತ್ರಕಲೆ ಯಾಕೆ ಎಂದು ನೀವು ನಗಬಹುದು. ಪರವಾಗಿಲ್ಲ, ಓದಿ.

ಜಿಹಾ ಮೂನ್ ಹುಟ್ಟಿದ್ದು 1973ರಲ್ಲಿ, ದಕ್ಷಿಣ ಕೊರಿಯಾದ ದೇಗು ನಗರದಲ್ಲಿ. ಸಿಯೋಲ್‌ನಲ್ಲಿ ಕಲೆ ಓದಿ, ಅಮೆರಿಕಕ್ಕೆ ಹೋಗಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಮತ್ತೆ ಓದಿದರು. ಆಮೇಲೆ ಬಹಳ ವರ್ಷ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿದ್ದರು.

ಅವರು ಹೆಚ್ಚಾಗಿ ಚಿತ್ರ ಬಿಡಿಸುವುದು ಹಾಂಜಿ ಎಂಬ ಕಾಗದದ ಮೇಲೆ. ಹಿಪ್ಪುನೇರಳೆ ಜಾತಿಯ ಒಂದು ಗಿಡದ ತೊಗಟೆಯ ನಾರಿನಿಂದ ಕೊರಿಯಾದಲ್ಲಿ ಕೈಯಲ್ಲೇ ಮಾಡುವ ಕಾಗದ ಅದು. ತೆಳ್ಳಗೆ ಕಂಡರೂ ಗಟ್ಟಿ. ಅದರ ಮೇಲೆ ಹಳೆಯ ಕಾಲದ ಶಾಯಿಯನ್ನೂ ಈ ಕಾಲದ ಅಕ್ರಿಲಿಕ್ ಬಣ್ಣವನ್ನೂ ಒಟ್ಟಿಗೆ ಬಳಸುತ್ತಾರೆ.

ಕೊರಿಯಾದಲ್ಲಿ ಮಿನ್‌ಹ್ವಾ ಎಂಬ ಜನಪದ ಚಿತ್ರಕಲೆ ಇದೆ. ಜೋಸೊನ್ ಅರಸರ ಕಾಲದಲ್ಲಿ ಸಾಮಾನ್ಯ ಜನ ಮನೆಗೆ ಒಳ್ಳೆಯದಾಗಲಿ ಎಂದು ಇಂಥ ಚಿತ್ರಗಳನ್ನು ಗೋಡೆಗೆ, ಬಾಗಿಲಿಗೆ ಹಚ್ಚುತ್ತಿದ್ದರು. ಬಿಡಿಸಿದವರು ಹೆಚ್ಚಿನ ಚಿತ್ರಗಳಲ್ಲಿ ಹೆಸರನ್ನೇ ಬರೆದಿಲ್ಲ. ಅದರಲ್ಲಿ ಬರುವ ಹುಲಿ ನನಗೆ ತುಂಬಾ ಇಷ್ಟ. ಹೆದರಿಸಬೇಕಾದ ಹುಲಿ ಪೆದ್ದು ಮುಖ ಮಾಡಿಕೊಂಡು ಕೂತಿರುತ್ತದೆ, ಮರದ ಮೇಲಿನ ಮ್ಯಾಗ್ಪೈ ಹಕ್ಕಿ ಅದಕ್ಕೇನೋ ಹೇಳುತ್ತಿರುತ್ತದೆ. ಮೂನ್ ಈ ಪರಂಪರೆಯಿಂದ ಬೇಕಾದ್ದನ್ನು ತೆಗೆದುಕೊಂಡು, ಪಕ್ಕದಲ್ಲೇ ಎಮೋಜಿ, ಆಂಗ್ರಿ ಬರ್ಡ್ಸ್ ಆಟದ ಹಕ್ಕಿಗಳನ್ನು ಸೇರಿಸುತ್ತಾರೆ!

ಅವರ ಕೃತಿಗಳಲ್ಲಿ ಪೀಚ್ ಹಣ್ಣು ಮತ್ತೆ ಮತ್ತೆ ಬರುತ್ತದೆ. ಕೊರಿಯಾದ ಚಿತ್ರಗಳಲ್ಲಿ ಪೀಚ್ ಎಂದರೆ ದೀರ್ಘಾಯುಷ್ಯ. ಆದರೆ ಅವರು ಹೋಗಿ ನೆಲೆಸಿದ ಜಾರ್ಜಿಯಾಕ್ಕೂ 'ಪೀಚ್ ರಾಜ್ಯ' ಎಂದೇ ಅಡ್ಡಹೆಸರು. ಹಾಗಾದರೆ ಆ ಹಣ್ಣು ಯಾವ ಊರಿನದು? ಇದನ್ನೇ ನಾನು ಎರಡು ಖಾತೆ ಎಂದದ್ದು.

ಮಣ್ಣಿನಲ್ಲಿ ಅವರು ಫಾರ್ಚೂನ್ ಕುಕಿಗಳನ್ನೂ ಮಾಡಿದ್ದಾರೆ. ಅಮೆರಿಕದ ಚೀನೀ ಹೋಟೆಲುಗಳಲ್ಲಿ ಊಟದ ಕೊನೆಗೆ ಕೊಡುವ, ಒಳಗೆ ಭವಿಷ್ಯದ ಚೀಟಿ ಇರುವ ಬಿಸ್ಕತ್ತು ಅದು. ಎಲ್ಲರೂ ಚೀನಾದ್ದೆಂದೇ ತಿಳಿಯುತ್ತಾರೆ. ಅದರ ಮೂಲ ಜಪಾನಿನಲ್ಲಿದೆ, ಹೆಸರಾದದ್ದು ಕ್ಯಾಲಿಫೋರ್ನಿಯಾದಲ್ಲಿ. ಮುಖ ನೋಡಿ ಊರು ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಿಕ್ಕಿಲ್ಲ.

ಕಳೆದ ವರ್ಷ ಬಸ್ಸಿನಲ್ಲಿ ಒಬ್ಬರು ಆಂಟಿ, "ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಮ್ಮ, ಯಾವೂರು?" ಎಂದು ಕೇಳಿದರು. ಪ್ರೀತಿಯಿಂದಲೇ ಕೇಳಿದ್ದು. "ಇದೇ ಊರು" ಎಂದೆ. ಆಮೇಲೆ ಇಳಿಯುವವರೆಗೂ ನನಗೆ ಮಾತೇ ಬರಲಿಲ್ಲ. ಮೂನ್ ಅವರಂತೆ ನಾನು ಸಮುದ್ರ ದಾಟಿ ಬಂದವಳಲ್ಲ, ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ಅದಕ್ಕೇ ಇರಬೇಕು, ಆ ಪ್ರಶ್ನೆ ಇನ್ನೂ ಮನಸ್ಸಿನಲ್ಲಿದೆ.

ನಮ್ಮ ಮನೆಯಲ್ಲಿ ಲೆಕ್ಕಕ್ಕೆಂದು ಒಂದೇ ನೋಟ್‌ಬುಕ್ ಇದೆ. ಹಾಲಿನ ಲೆಕ್ಕ ನಾನು ಕನ್ನಡದಲ್ಲಿ ಮೊದಲ ಪುಟದಿಂದ ಬರೆಯುತ್ತೇನೆ. ಅಮ್ಮಿ ಕಿರಾಣಿ ಲೆಕ್ಕವನ್ನು ಉರ್ದುವಿನಲ್ಲಿ ಕೊನೆಯ ಪುಟದಿಂದ ಬರೆಯುತ್ತಾರೆ, ಅವರಿಗೆ ಅದೇ ಮೊದಲ ಪುಟ. ಈ ತಿಂಗಳು ನಮ್ಮಿಬ್ಬರ ನಡುವೆ ನಾಲ್ಕೇ ಹಾಳೆ ಉಳಿದಿವೆ.