ಮಾಗಡಿ ಕೆರೆಯ ಚಳಿಗಾಲದ ಅತಿಥಿಗಳು

ಮಳೆಗಾಲ ಮುಗಿದು ಚಳಿ ಶುರುವಾಗುವ ನವೆಂಬರ್ ಹೊತ್ತಿಗೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಸಾವಿರಾರು ಹಕ್ಕಿಗಳು ಬಂದಿಳಿಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂಭಾಗದಲ್ಲಿರುವ ಎರಡು ಕಪ್ಪು ಪಟ್ಟೆಗಳೇ ಇದರ ಗುರುತು.

ಈ ಕೆರೆ ತಾನಾಗಿ ಆದದ್ದಲ್ಲ. ನೀರಾವರಿಗಾಗಿ ಮಳೆನೀರು ಹಿಡಿದಿಡಲು ಜನರೇ ಕಟ್ಟಿದ್ದು. ಸುಮಾರು 50 ಹೆಕ್ಟೇರ್ ವಿಸ್ತಾರವಿದೆ. ಈಗ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದಂತೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳನ್ನು ಈ ಪಟ್ಟಿಗೆ ಸೇರಿಸುತ್ತಾರೆ.

ಏಕೆ ಬರುತ್ತವೆ?

ಚಳಿ ತಾಳಲಾರದೆ ಬರುತ್ತವೆ ಎಂದು ಹಲವರು ತಿಳಿದಿದ್ದಾರೆ. ಆದರೆ ಮೈತುಂಬ ದಟ್ಟ ಪುಕ್ಕವಿರುವ ಈ ಹಕ್ಕಿಗೆ ಚಳಿಗಿಂತ ಹಸಿವೇ ದೊಡ್ಡ ಕಷ್ಟ. ಇವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಕಿರ್ಗಿಸ್ತಾನದ ಎತ್ತರದ ಸರೋವರಗಳ ಬಳಿ. ಚಳಿಗಾಲದಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ, ಹುಲ್ಲು ಹಿಮದಡಿ ಮುಚ್ಚಿಹೋಗುತ್ತದೆ. ಅದಕ್ಕೆ ಮೊದಲೇ ಚೆನ್ನಾಗಿ ತಿಂದು ಕೊಬ್ಬು ಕೂಡಿಸಿಕೊಂಡು ಹೊರಡುತ್ತವೆ. ನಮ್ಮ ವಾಣಿಜ್ಯ ವಿಭಾಗದ ಭಾಷೆಯಲ್ಲಿ ಹೇಳುವುದಾದರೆ ಕೊಬ್ಬು ಅವುಗಳ ಠೇವಣಿ. ಹಾರಾಟದ ಖರ್ಚೆಲ್ಲ ಅದರಿಂದಲೇ.

ಹಿಮಾಲಯ ದಾಟುವುದು ಹೇಗೆ?

5,500 ಮೀಟರ್ ಎತ್ತರದಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟು ಮಾತ್ರ. ಈ ಹೆಬ್ಬಾತಿನ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ವಿಜ್ಞಾನಿಗಳು ಉಪಕರಣ ಕಟ್ಟಿ ಬಿಟ್ಟ ಒಂದು ಹಕ್ಕಿ 7,290 ಮೀಟರ್ ಎತ್ತರ ಮುಟ್ಟಿದ್ದು ದಾಖಲಾಗಿದೆ. ಆದರೂ ಸುಮ್ಮನೆ ಮೇಲೆ ಹಾರುವುದಿಲ್ಲ. ಬೆಟ್ಟದ ಏರಿಳಿತ ಅನುಸರಿಸಿ ತಾವೂ ಏರಿ ಇಳಿಯುತ್ತವೆ. ಕೆಳಗಿನ ದಟ್ಟ ಗಾಳಿಯಲ್ಲಿ ಹಾರಲು ಕಡಿಮೆ ಶಕ್ತಿ ಸಾಕು.

ಕೆರೆ ಒಂದೇ ಸಾಲದು

ನಮ್ಮ ಮನೆಯ ಉರ್ದುವಿನಲ್ಲಿ ನೀರುಹಕ್ಕಿಗೆ ‘ಮುರ್ಗಾಬಿ’ ಎನ್ನುತ್ತಾರೆ. ಮುರ್ಗ್ ಎಂದರೆ ಹಕ್ಕಿ, ಆಬ್ ಎಂದರೆ ನೀರು. ಆದರೆ ಈ ಮುರ್ಗಾಬಿಗೆ ನೀರು ವಿಶ್ರಾಂತಿಯ ಜಾಗ ಮಾತ್ರ, ಊಟ ನೆಲದ ಮೇಲೆ. ಹಗಲು ಕೆರೆಯಲ್ಲಿ ತಂಗಿ, ಕತ್ತಲಾದ ಮೇಲೆ ಮತ್ತು ನಸುಕಿನಲ್ಲಿ ಸುತ್ತಲಿನ ಹೊಲಗಳಿಗೆ ಹೋಗಿ ಎಳೆ ಪೈರು, ಕಾಳು ತಿನ್ನುತ್ತವೆ.

ಮೀಸಲು ಪ್ರದೇಶದ ಗಡಿ ಕೆರೆಯ ದಂಡೆಗೆ ಮುಗಿಯುತ್ತದೆ, ಹಕ್ಕಿಯ ಹಸಿವು ಅಲ್ಲಿಗೆ ಮುಗಿಯುವುದಿಲ್ಲ. ಕೆರೆಗೆ ಹೆಸರು ಬಂದಿದೆ, ನೋಡುವವರಿಗೆ ಸಂತೋಷ ಸಿಗುತ್ತದೆ. ಆದರೆ ಅತಿಥಿಗಳ ಊಟದ ಖರ್ಚು ಹೊಲದ ಒಡೆಯನ ಲೆಕ್ಕಕ್ಕೆ ಬೀಳುತ್ತದೆ. ಆದ್ದರಿಂದ ಹಕ್ಕಿಗಳನ್ನು ಎಣಿಸುವಾಗ ರೈತನ ನಷ್ಟವನ್ನೂ ಎಣಿಸಿ ಅವನಿಗೆ ತುಂಬಿಕೊಡುವುದು ನ್ಯಾಯ. ರೈತ ಬೇಸತ್ತರೆ ಕೆರೆಗೆ ಹಾಕಿದ ಬೇಲಿ ಹಕ್ಕಿಯನ್ನು ಕಾಯಲಾರದು.

ನೋಡಲು ಹೋಗುವವರಿಗೂ ಒಂದು ಜವಾಬ್ದಾರಿಯಿದೆ. ದೂರದಿಂದ, ಬೈನಾಕ್ಯುಲರ್‌ನಲ್ಲಿ ನೋಡಿ. ಫೋಟೋಗಾಗಿ ಕೂಗಿ, ಕಲ್ಲೆಸೆದು ಎಬ್ಬಿಸಬೇಡಿ. ಒಮ್ಮೆ ಸುಮ್ಮನೆ ಹಾರಿಸಿದರೆ ಹಕ್ಕಿಯ ಠೇವಣಿ ಅಷ್ಟು ಕರಗುತ್ತದೆ. ಅದನ್ನು ಮತ್ತೆ ತುಂಬಿಸಲು ಅದು ಹೋಗುವುದು ಅದೇ ರೈತನ ಹೊಲಕ್ಕೆ. ಮಾರ್ಚ್ ಹೊತ್ತಿಗೆ ಉತ್ತರಕ್ಕೆ ಮರಳುವಾಗ ಮತ್ತೆ ಹಿಮಾಲಯ ದಾಟಬೇಕು ಎಂಬುದು ನೆನಪಿರಲಿ.