ತಮಾಷೆ ಅಂದರೆ ಏನು?

ನಾವು ದಿನಾ ಆಡುವ ‘ತಮಾಷೆ’ ಕನ್ನಡದಲ್ಲಿ ಹುಟ್ಟಿದ ಪದವಲ್ಲ. ಇದರ ಬೇರು ಅರಬ್ಬೀ ಭಾಷೆಯಲ್ಲಿದೆ. ಅಲ್ಲಿ ಜೊತೆಯಾಗಿ ನಡೆಯುವುದು ಎಂದರ್ಥ. ನಗುವಿನ ಸುದ್ದಿಯೇ ಇಲ್ಲ! ಪಾರಸಿಗೆ ಬಂದಾಗ ಸುತ್ತಾಡಿ ನೋಡುವುದು, ನೋಡುವಂಥ ನೋಟ ಎಂದಾಯಿತು. ಮರಾಠಿಯಲ್ಲಿ ತಮಾಶಾ ಅಂದರೆ ಲಾವಣಿ ಹಾಡಿ ಕುಣಿಯುವ ಆಟ. ನಮ್ಮಲ್ಲಿ ನಗೆಮಾತು. ಆದರೂ ಹಳೇ ಅರ್ಥ ಪೂರ್ತಿ ಹೋಗಿಲ್ಲ.

ಮೊನ್ನೆ ಸಂತೆ ದಿನ ನಾನು ಸೈಕಲ್ಲಿಂದ ಬಿದ್ದು ಹಾಲೆಲ್ಲಾ ಚೆಲ್ಲಿತು. ಜನ ಎತ್ತಲಿಲ್ಲ, ಸುತ್ತ ನಿಂತು ತಮಾಷೆ ನೋಡಿದರು. ಇದು ಪಾರಸಿ ಅರ್ಥ. ಮಾರನೇ ದಿನ ಕೆಲವು ಹುಡುಗರು ನನ್ನ ಹಾಗೇ ಬಿದ್ದು ತೋರಿಸಿದರು. ನನಗೆ ಅಳು ಬಂತು. ‘ಸುಮ್ನೆ ತಮಾಷೆಗೆ ಕಣೋ’ ಅಂದರು. ಇದು ಕನ್ನಡ ಅರ್ಥ.

ಬಿದ್ದ ದಿನ ಒಬ್ಬ ಗೆಳೆಯ ಮಾತ್ರ ಸೈಕಲ್ ತಳ್ಳಿಕೊಂಡು ಮನೆವರೆಗೂ ನನ್ನ ಜೊತೆ ನಡೆದ. ಅವನಿಗೆ ಅರಬ್ಬೀ ಬರೋದಿಲ್ಲ.